ಅಜ್ಜಿಯ ತಟ್ಟೆಗೆ ಬಂದ ಟಾರ್ಟ್

ಬೆಂಗಳೂರಿನಲ್ಲಿ ಪೇಸ್ಟ್ರಿ ಕೋರ್ಸ್ ಮುಗಿಸಿ ನಮ್ಮೂರಾದ ತ್ಯಾವಣಿಗೆಗೆ ಹೊರಟ ದಿನ ನನ್ನ ಕೈಯಲ್ಲಿ ಎರಡೇ ಸಾಮಾನು. ಒಂದು, ಫೈಲಿನಲ್ಲಿಟ್ಟ ಸರ್ಟಿಫಿಕೇಟು. ಇನ್ನೊಂದು, ರಟ್ಟಿನ ಡಬ್ಬಿಯೊಳಗೆ ಐಸ್ ಪ್ಯಾಕಿನ ನಡುವೆ ಕೂರಿಸಿದ ಫ್ರೂಟ್ ಟಾರ್ಟ್. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಮಾಡಿದ ಎರಡರಲ್ಲಿ ಚೆನ್ನಾಗಿ ಬಂದಿದ್ದನ್ನು ಅಜ್ಜಿಗೆಂದೇ ಎತ್ತಿಟ್ಟುಕೊಂಡಿದ್ದೆ. ಸರ್ಟಿಫಿಕೇಟು ಬ್ಯಾಗಿನಲ್ಲಿ ಹೇಗೆ ಬೇಕಾದರೂ ಬೀಳಲಿ ಎಂದು ಬಿಟ್ಟು, ಟಾರ್ಟನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆ ಸೇರಿದೆ. ಅಲ್ಲಿಂದ ಇನ್ನೊಂದು ಬಸ್ಸು. ಏಪ್ರಿಲ್ ತಿಂಗಳ ಮಧ್ಯಾಹ್ನ.

ಮನೆಗೆ ಬಂದು ಡಬ್ಬಿ ಬಿಚ್ಚಿದರೆ, ಬೆಳಿಗ್ಗೆ ಕನ್ನಡಿಯಂತೆ ಮಿರುಗುತ್ತಿದ್ದ ಲೇಪ ಕರಗಿ ಅಂಚಿಗೆ ಹರಿದಿತ್ತು. ಹಣ್ಣಿನ ಹೋಳುಗಳು ಒಂದು ಮೂಲೆಗೆ ಜಾರಿ ಗುಂಪುಗೂಡಿದ್ದವು. ಆದರೂ ರುಚಿ ಇದ್ದೇ ಇರುತ್ತದಲ್ಲ ಎಂದು ಒಂದು ತುಂಡು ಕತ್ತರಿಸಿ ಅಜ್ಜಿಯ ಮುಂದಿಟ್ಟೆ.

"ಏನೇನು ಹಾಕಿದೀಯವ್ವಾ ಇದಕ್ಕೆ?" ಎಂದರು ಅಜ್ಜಿ.

ಪರೀಕ್ಷಕರ ಮುಂದೆ ಒಪ್ಪಿಸಿದಂತೆಯೇ ಒಪ್ಪಿಸಿದೆ. ಮೈದಾ, ಬೆಣ್ಣೆ, ಸಕ್ಕರೆ, ಹಾಲು, ತತ್ತಿ. ಮೇಲಿನ ಲೇಪಕ್ಕೆ ಜೆಲಾಟಿನ್. ಜೆಲಾಟಿನ್ ಅಂದರೇನು ಎಂದು ಕೇಳಿದರು. ದನ, ಹಂದಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವುದು ಎಂದೆ. ಹೇಳುತ್ತಿರುವಾಗಲೇ ನನ್ನ ದನಿ ಸಣ್ಣದಾಯಿತು.

ಅಜ್ಜಿ ಬೈಯಲಿಲ್ಲ. ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿ, "ಇರ್ಲಿ ಬಿಡವ್ವಾ, ನೀವು ತಿನ್ರಿ" ಎಂದು, ಅಂಗಳದ ಬುಟ್ಟಿಯಿಂದ ಒಂದು ಮಾವಿನಹಣ್ಣು ತಂದು ನನ್ನ ಕೈಗಿಟ್ಟರು. ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ಎಂಬತ್ತು ವರ್ಷದ ಹೆಂಗಸು ಅವರು. ಆ ಮನೆಯಲ್ಲೇ ಹುಟ್ಟಿ ಬೆಳೆದ ನಾನು ತಿಂಗಳುಗಟ್ಟಲೆ ಟಾರ್ಟ್ ಮಾಡುವುದನ್ನು ಕಲಿಯುವಾಗ ಒಮ್ಮೆಯೂ ಅವರ ಊಟದ ನೇಮವನ್ನು ನೆನೆಸಿಕೊಂಡಿರಲಿಲ್ಲ. ಅಜ್ಜಿ ತಿನ್ನುವ ಟಾರ್ಟ್ ಮಾಡುವವರೆಗೆ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಟಾರ್ಟ್ ಕಂಡಿಲ್ಲದವರಿಗೆ ಒಂದು ಮಾತು. ಅದು ಅಂಚು ಎತ್ತಿದ ಬಿಸ್ಕತ್ತಿನ ತಟ್ಟೆ. ಅದರೊಳಗೆ ಗಟ್ಟಿ ಕಸ್ಟರ್ಡು, ಅದರ ಮೇಲೆ ಹಣ್ಣು, ಹಣ್ಣು ಒಣಗದಂತೆ, ಬಣ್ಣ ಕೆಡದಂತೆ ಮೇಲೊಂದು ತೆಳ್ಳನೆ ಲೇಪ. ಈ ನಾಲ್ಕರಲ್ಲಿ ಹಣ್ಣೊಂದನ್ನು ಬಿಟ್ಟು ಉಳಿದ ಮೂರೂ ಅಜ್ಜಿಗೆ ಆಗದವು. ತಟ್ಟೆಯ ಹಿಟ್ಟನ್ನು ಹಿಡಿದಿಡಲು ಮೊಟ್ಟೆ, ಕಸ್ಟರ್ಡು ಗಟ್ಟಿಯಾಗಲು ಮೊಟ್ಟೆಯ ಹಳದಿ, ಲೇಪಕ್ಕೆ ಜೆಲಾಟಿನ್.

ಮೊಟ್ಟೆಯಿಲ್ಲದ ಬೇಕರಿ ನಮ್ಮ ನಾಡಿಗೆ ಹೊಸದಲ್ಲ. 1898ರಲ್ಲಿ ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಮೊದಲು ಸಿಹಿತಿಂಡಿ ಮಾರುತ್ತಿದ್ದ ಅವರಿಗೆ ಅಂಗಡಿಗೆ ಬರುತ್ತಿದ್ದ ಇಂಗ್ಲಿಷಿನವನೊಬ್ಬ ಬ್ರೆಡ್ಡು ಸುಡುವುದನ್ನು ಹೇಳಿಕೊಟ್ಟನಂತೆ. ಆ ದಾರಿಯಲ್ಲಿ ನಡೆದ ಹಾಸನದ ಕಡೆಯವರೇ ಮುಂದೆ ಊರೂರಿಗೆ ಅಯ್ಯಂಗಾರ್ ಬೇಕರಿ ಹರಡಿದರು. ಮಡಿ ಹೆಂಗಸರೂ ಬ್ರೆಡ್ಡು, ಬೆಣ್ಣೆ ಬಿಸ್ಕತ್ತನ್ನು ಅನುಮಾನವಿಲ್ಲದೆ ತಿನ್ನುವಂತಾಗಿದ್ದು ಆ ಬೋರ್ಡಿನ ಮೇಲಿದ್ದ ನಂಬಿಕೆಯಿಂದ. ನಮ್ಮ ಅಜ್ಜಿಯೂ ಹಾಗೆ ತಿಂದವರೇ. ಆದರೆ ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿನಲ್ಲಿ ನಾನು ಫ್ರೂಟ್ ಟಾರ್ಟ್ ಕಂಡಿದ್ದಿಲ್ಲ. ಇದನ್ನು ನಾನೇ ಹುಡುಕಿಕೊಳ್ಳಬೇಕಿತ್ತು.

ಮೊದಲು ತಟ್ಟೆ. ಶಾಲೆಯಲ್ಲಿ ಕಲಿತ ಅಳತೆ ಸರಳ: 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 90 ಗ್ರಾಂ ಪುಡಿಸಕ್ಕರೆ, ಒಂದು ಮೊಟ್ಟೆ. ಮೊಟ್ಟೆ ಬಿಟ್ಟು ಅದರ ಬದಲು ನೀರು ಹಾಕಿ ಕಲಸಿದೆ. ಹಿಟ್ಟು ಕೂಡಿಕೊಳ್ಳಲಿಲ್ಲ. ಇನ್ನಷ್ಟು ನೀರು ಹಾಕಿ ನಾದಿದೆ. ಚೆನ್ನಾಗಿ ಕೂಡಿತು. ಓವನ್ನಿಗೆ ಹೋದ ಮೇಲೆ ಅಂಚೆಲ್ಲ ಒಳಗೆ ಎಳೆದುಕೊಂಡು, ತಟ್ಟೆಯಾಗಬೇಕಾದದ್ದು ಗಟ್ಟಿ ಬಿಲ್ಲೆಯಾಗಿ ಹೊರಬಂತು. ಕಚ್ಚಿದರೆ ಹಲ್ಲು ನೋಯುವಷ್ಟು ಬಿರುಸು.

ಎರಡನೇ ಸಲ ನಾದುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದರು: "ನೀನು ಹೋಳಿಗೆ ಕಣಕ ನಾದ್ತಿದೀಯೋ, ನಿಪ್ಪಟ್ಟಿಗೆ ಹಿಟ್ಟು ಕಲಸ್ತಿದೀಯೋ?"

ಕೈ ಅಲ್ಲೇ ನಿಂತಿತು. ಹೋಳಿಗೆಯ ಕಣಕ ಎಳೆದಷ್ಟೂ ಬರಬೇಕು. ಅದಕ್ಕೇ ನೀರು ಹಾಕಿ ಜಿಗುಟು ಬರುವವರೆಗೆ ನಾದಿ, ಎಣ್ಣೆಯಲ್ಲಿ ನೆನೆಯಲು ಬಿಡುವುದು. ನಿಪ್ಪಟ್ಟು ಕಚ್ಚಿದರೆ ಪುಡಿಯಾಗಬೇಕು. ಅದಕ್ಕೇ ನೀರು ತಾಕುವ ಮೊದಲೇ ಒಣಹಿಟ್ಟಿಗೆ ಕಾದ ಎಣ್ಣೆ ಸುರಿದು ತಿಕ್ಕುವುದು. ಅಜ್ಜಿ ಬಂದು ಪಾತ್ರೆ ಎಳೆದುಕೊಂಡು, ಒಣ ಮೈದಾಕ್ಕೆ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ತಿಕ್ಕಿ ತೋರಿಸಿದರು. ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಒತ್ತಿದರು. ಉಂಡೆ ನಿಂತಿತು. ಹೆಬ್ಬೆರಳಲ್ಲಿ ಮುಟ್ಟಿದರು. ಪುಡಿಯಾಯಿತು. "ಹಿಂಗೆ ಬರ್ಬೇಕು. ಆಮೇಲೆ ಎರಡು ಚಮಚ ಹಾಲು. ನಾದಬ್ಯಾಡ, ಬರೀ ಕೂಡ್ಸು."

ಇದನ್ನೇ ಶಾಲೆಯಲ್ಲಿ ಫ್ರೆಂಚ್ ಹೆಸರು ಕೊಟ್ಟು ಕಲಿಸಿದ್ದರು. ಹಿಟ್ಟು ಮರಳಿನಂತಾಗುವವರೆಗೆ ಬೆಣ್ಣೆ ತಿಕ್ಕುವುದು. ಮೊಟ್ಟೆ ಇದ್ದಾಗ ತಪ್ಪು ಮಾಡಿದರೂ ಅದು ಹೇಗೋ ಮುಚ್ಚಿಕೊಳ್ಳುತ್ತಿತ್ತು. ಮೊಟ್ಟೆ ತೆಗೆದ ಕೂಡಲೇ ತಪ್ಪು ಬಯಲಾಯಿತು. ಕಾರಣ ಗೋಧಿಯ ಒಳಗಿದೆ. ಇಟಲಿಯ ಬೊಲೋನ್ಯಾದ ವೈದ್ಯ ಯಾಕೊಪೊ ಬಾರ್ತೊಲೊಮೆಯೊ ಬೆಕ್ಕಾರಿ 1728ರಲ್ಲಿ ಗೋಧಿಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತೊಳೆಯುತ್ತಾ ಹೋದ. ಬಿಳಿ ಪಿಷ್ಟವೆಲ್ಲ ಹರಿದುಹೋದ ಮೇಲೆ ಕೈಯಲ್ಲಿ ರಬ್ಬರಿನಂಥ ಅಂಟುಮುದ್ದೆ ಉಳಿಯಿತು. ಅದೇ ಗ್ಲೂಟೆನ್. ನೀರು ಮತ್ತು ನಾದುವಿಕೆ ಸೇರಿದರೆ ಅದು ಬಲೆ ಹೆಣೆಯುತ್ತದೆ. ಬೆಂಕಿ ಕಂಡಾಗ ಆ ಬಲೆ ಬಿಗಿದುಕೊಂಡು ನನ್ನ ತಟ್ಟೆಯ ಅಂಚನ್ನು ಒಳಗೆ ಎಳೆದಿತ್ತು. ಹಿಟ್ಟಿನ ಕಣಕ್ಕೆ ಮೊದಲೇ ಬೆಣ್ಣೆ ಸವರಿದ್ದರೆ ನೀರು ಒಳಗೆ ಹೋಗುವುದಿಲ್ಲ, ಬಲೆ ಹೆಣೆಯುವುದಿಲ್ಲ. ಅಜ್ಜಿಯದು ಕಾದ ಎಣ್ಣೆ, ನನ್ನದು ತಣ್ಣನೆ ಬೆಣ್ಣೆ. ಮಾಡುವ ಕೆಲಸ ಒಂದೇ.

ಬೆಣ್ಣೆಯ ವಿಷಯ ದಾವಣಗೆರೆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಜಾಸ್ತಿ. ಅದನ್ನು ಬಟ್ಟೆಯಲ್ಲಿ ಕಟ್ಟಿ, ಹಿಂಡಿ, ನೀರು ಇಳಿಸಿಯೇ ಬಳಸಬೇಕಾಯಿತು. ಇನ್ನೊಂದು ಪಾಠ ಅಪ್ಪನದು. ತಟ್ಟೆಯನ್ನು ಖಾಲಿ ಸುಡುವಾಗ ತಳ ಉಬ್ಬದಂತೆ ಮೇಲೆ ಕಾಗದ ಹಾಸಿ ಭಾರ ಹೇರಬೇಕು. ಶಾಲೆಯಲ್ಲಿ ಅದಕ್ಕೆಂದೇ ಪಿಂಗಾಣಿ ಗುಂಡುಗಳಿದ್ದವು. ನಾನು ಚೀಲದಿಂದ ಎರಡು ಬೊಗಸೆ ಒಣಗಿದ ಅಡಿಕೆ ಎತ್ತಿಕೊಂಡೆ. "ತುಮ್ಕೋಸ್‌ಗೆ ಹಾಕೋ ಮಾಲು ಕಣವ್ವಾ ಅದು, ಒಲೆಗೆ ಹಾಕೋದಲ್ಲ" ಎಂದು ಅಪ್ಪ ಕೈಯಿಂದ ಕಿತ್ತುಕೊಂಡು ಕಡಲೆಕಾಳಿನ ಡಬ್ಬಿ ಕೊಟ್ಟರು. ತುಮ್ಕೋಸ್ ಎಂದರೆ ಚನ್ನಗಿರಿಯ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ. ನಮ್ಮ ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆಯ ಜೊತೆ ಆಟ ಆಡುವಂತಿಲ್ಲ. ಕಡಲೆಕಾಳು ಹೇರಿ 180 ಡಿಗ್ರಿಯಲ್ಲಿ ಹದಿನೈದು ನಿಮಿಷ, ಕಾಳು ತೆಗೆದು ಇನ್ನು ಹತ್ತು ನಿಮಿಷ. ತಟ್ಟೆ ಎದ್ದು ನಿಂತಿತು.

ಕಸ್ಟರ್ಡಿಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಗೆ ಹೋಗಿ ಕಸ್ಟರ್ಡ್ ಪೌಡರ್ ತಂದೆ. ತರುವಾಗ ಸ್ವಲ್ಪ ನಾಚಿಕೆಯಿತ್ತು. ಮೊಟ್ಟೆಯ ಹಳದಿಯಿಂದ ಮಾಡಿದ್ದೇ ಅಸಲಿ, ಪೌಡರಿನದು ಬದಲಿ ಎಂಬ ಭಾವನೆ ಕಲಿತು ಬಂದ ನಮ್ಮೆಲ್ಲರಲ್ಲೂ ಕೂತಿತ್ತು. ಆ ಪೊಟ್ಟಣ ಎಲ್ಲಿಂದ ಹುಟ್ಟಿತು ಎಂದು ಓದಿಕೊಂಡ ಮೇಲೆ ನಾಚಿಕೆ ಹೋಯಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಹುಟ್ಟಿದ್ದು 1811ರಲ್ಲಿ. ರಸಾಯನಶಾಸ್ತ್ರ ಬಲ್ಲವನು. ಅವನ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆ ಆಗುತ್ತಿರಲಿಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟೂ ಆಗುತ್ತಿರಲಿಲ್ಲ. ಆಕೆಗೆ ಕಸ್ಟರ್ಡೆಂದರೆ ಇಷ್ಟ, ತಿಂದರೆ ಕಾಯಿಲೆ. ಬರ್ಡ್ 1837ರಲ್ಲಿ ಮೊಟ್ಟೆಯ ಬದಲು ಪಿಷ್ಟದಿಂದ ಹಾಲು ಗಟ್ಟಿಯಾಗುವ ಪುಡಿ ಮಾಡಿದ. ಅದು ಹೆಂಡತಿಗೆಂದು ಮಾಡಿದ್ದು, ಮಾರಾಟಕ್ಕಲ್ಲ. ಒಂದು ರಾತ್ರಿ ಊಟಕ್ಕೆ ಬಂದ ನೆಂಟರಿಗೆ ತಪ್ಪಿ ಅದನ್ನೇ ಬಡಿಸಿದರಂತೆ. ಅವರು ಚಪ್ಪರಿಸಿ ತಿಂದಾಗಲೇ ಅದು ಎಲ್ಲರಿಗೂ ಸಲ್ಲುವ ವಸ್ತು ಎಂದು ಬರ್ಡ್‌ಗೆ ಹೊಳೆದಿದ್ದು. 1843ರಲ್ಲಿ ಅದೇ ಹೆಂಡತಿಗಾಗಿ ಯೀಸ್ಟಿಲ್ಲದೆ ರೊಟ್ಟಿ ಉಬ್ಬಿಸುವ ಬೇಕಿಂಗ್ ಪೌಡರ್ ಮಾಡಿದ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ರೊಟ್ಟಿ ಉಬ್ಬಿದ್ದೂ ಆ ಪುಡಿಯಿಂದ. ಇಂದು ನಾವು ಕೇಕಿಗೆ ಹಾಕುವ ಪುಡಿಯೂ ಅದೇ ವಂಶದ್ದು. ಒಬ್ಬ ಹೆಂಗಸಿಗೆ ಆಗದ ಎರಡು ಪದಾರ್ಥಗಳಿಂದ ಜಗತ್ತಿನ ಬೇಕರಿಗೆ ಎರಡು ಪುಡಿ ಸಿಕ್ಕವು.

ಇವತ್ತಿನ ಕಸ್ಟರ್ಡ್ ಪೌಡರಿನಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳದ ಪಿಷ್ಟ. ಉಳಿದದ್ದು ಬಣ್ಣ, ವೆನಿಲಾ ವಾಸನೆ. ಮೆಕ್ಕೆಜೋಳವೆಂದರೆ ನಮ್ಮ ಜಿಲ್ಲೆಯದೇ ಬೆಳೆ. ಭದ್ರಾ ನಾಲೆಯ ನೀರು ಕಾಣುವ ತ್ಯಾವಣಿಗೆಯಲ್ಲಿ ಭತ್ತ, ಅಡಿಕೆ, ಬಾಳೆ. ಆದರೆ ಮಳೆ ನಂಬಿದ ಜಗಳೂರು, ನ್ಯಾಮತಿ ಕಡೆ ಮೆಕ್ಕೆಜೋಳದ ಹೊಲಗಳು ಕಣ್ಣು ಹಾಯುವಷ್ಟು ದೂರ. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ಹಾಲು ಹಿತ್ತಿಲಲ್ಲಿ. ಲೆಕ್ಕ ಹಾಕಿದರೆ ಬರ್ಮಿಂಗ್‌ಹ್ಯಾಮಿನ ಕಸ್ಟರ್ಡಿಗೆ ಬೇಕಾದದ್ದೆಲ್ಲ ನಮ್ಮ ಜಿಲ್ಲೆಯೊಳಗೇ ಇತ್ತು.

ಅರ್ಧ ಲೀಟರ್ ಹಾಲಿಗೆ 50 ಗ್ರಾಂ ಪುಡಿ, 75 ಗ್ರಾಂ ಸಕ್ಕರೆ. ಪುಡಿಯನ್ನು ತಣ್ಣನೆ ಹಾಲಲ್ಲಿ ಕದಡಿ, ಕುದಿಯುವ ಹಾಲಿಗೆ ಸುರಿದು ತಿರುವುತ್ತಿರಬೇಕು. ಪಿಷ್ಟದ ಕಣಗಳು ಸುಮಾರು 65 ಡಿಗ್ರಿ ದಾಟುತ್ತಿದ್ದಂತೆ ನೀರು ಕುಡಿದು ಊದಿಕೊಳ್ಳುತ್ತವೆ, ಹಾಲು ಮಂದವಾಗುತ್ತದೆ. ಆರಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬರೀ ಮೊಟ್ಟೆಯ ಕಸ್ಟರ್ಡು ಕುದಿದರೆ ಒಡೆಯುತ್ತದೆ. ಇದಕ್ಕೆ ಆ ಭಯವಿಲ್ಲ, ಕುದಿಸಿಯೇ ಮಾಡಬೇಕು. ನಾನು ಸೌಟು ತಿರುವುವುದನ್ನು ನೋಡಿ ಅಜ್ಜಿ, "ಇದು ಹಾಲಿನ ಅಂಬಲಿ ಅಲ್ವೇನೇ?" ಎಂದರು. ಹೌದು, ಹಾಲಿನ ಅಂಬಲಿಯೇ. ಹಿಟ್ಟು ಕದಡಿ ಕಾಯಿಸಿದರೆ ಮಂದವಾಗುತ್ತದೆ ಎಂಬುದು ಅಂಬಲಿ ಕಾಯಿಸಿದವರಿಗೆಲ್ಲ ಗೊತ್ತಿದ್ದ ಸಂಗತಿ.

ಉಳಿದಿದ್ದು ಲೇಪ. ಅಲ್ಲಿ ಮಾತ್ರ ನನ್ನ ಹೆಮ್ಮೆ ಮತ್ತೊಮ್ಮೆ ಮುರಿಯಿತು. ಜೆಲಾಟಿನ್ ಬಿಡುವುದು ಅಜ್ಜಿಗಾಗಿ ಎಂದು ನಾನು ತಿಳಿದಿದ್ದೆ. ನಿಜ ಹೇಳಬೇಕೆಂದರೆ ನಮ್ಮೂರ ಬಿಸಿಲಿಗೂ ಅದು ಲಾಯಕ್ಕಿಲ್ಲದ ವಸ್ತು. ಜೆಲಾಟಿನ್ ಸುಮಾರು 30ರಿಂದ 35 ಡಿಗ್ರಿಗೇ ಕರಗುತ್ತದೆ. ಬೇಸಿಗೆಯಲ್ಲಿ ನಮ್ಮ ನಡುಮನೆಯೇ ಅಷ್ಟು ಕಾದಿರುತ್ತದೆ. ಡಬ್ಬಿಯೊಳಗಿನ ಐಸ್ ಕರಗಿದ ಮೇಲೆ ಬಸ್ಸಿನಲ್ಲಿ ಲೇಪ ಹರಿದಿದ್ದು ಅದಕ್ಕೆ. ಇನ್ನೊಂದು ಕಾರಣವೂ ಇತ್ತು: ನಾನು ಮೇಲೆ ಜೋಡಿಸಿದ್ದ ಪಪ್ಪಾಯಿ. ಪಪ್ಪಾಯಿಯಲ್ಲಿ ಪಪೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಜೆಲಾಟಿನ್ ಪ್ರೋಟೀನು, ಹಾಲಿನ ಕೇಸೀನೂ ಪ್ರೋಟೀನು. ಆ ದಿನ ಉಳಿದ ತುಂಡು ತಿಂದ ತಮ್ಮ "ಕಹಿ ಅಕ್ಕಾ" ಎಂದು ಮುಖ ಹಿಂಡಿದ್ದ. ಪಪ್ಪಾಯಿ ಮಿಲ್ಕ್‌ಶೇಕನ್ನು ಹೊತ್ತು ಕಳೆದು ಕುಡಿದವರಿಗೆ ಆ ಕಹಿ ಗೊತ್ತು. ಹಸಿ ಅನಾನಸ್ಸಿನದೂ ಇದೇ ಕತೆ. ಅದನ್ನಾದರೂ ಸಕ್ಕರೆ ಪಾಕದಲ್ಲಿ ಕುದಿಸಿ ಕಿಣ್ವ ಸಾಯಿಸಬಹುದು. ಪಪ್ಪಾಯಿಯನ್ನು ನಾನು ಕೈಬಿಟ್ಟೆ.

ಬಿಸಿಲು ಒಂದು ಕಡೆ, ಕಿಣ್ವ ಇನ್ನೊಂದು ಕಡೆ. ಜೆಲಾಟಿನ್ ಸೋತಿದ್ದು ಈ ಎರಡರಿಂದ. ಇದೇ ಎರಡು ಕಾಟ 1881ರ ಬೇಸಿಗೆಯಲ್ಲಿ ಜರ್ಮನಿಯ ಒಬ್ಬ ವೈದ್ಯನನ್ನೂ ಕಾಡಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅವನ ಹೆಸರು ವಾಲ್ಟರ್ ಹೆಸ್ಸೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಹಿಡಿದು ಬೆಳೆಸಲು ಜೆಲಾಟಿನ್ ಹಾಸು ಬಳಸುತ್ತಿದ್ದ. ಸೆಕೆಗೆ ಅದು ಕರಗುತ್ತಿತ್ತು. ಕರಗದಿದ್ದರೆ ಬ್ಯಾಕ್ಟೀರಿಯಾಗಳೇ ತಮ್ಮ ಕಿಣ್ವದಿಂದ ಅದನ್ನು ನೀರು ಮಾಡುತ್ತಿದ್ದವು. ಪ್ರಯೋಗಾಲಯದಲ್ಲಿ ಅವನಿಗೆ ನೆರವಾಗುತ್ತಾ, ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರ ಬರೆದುಕೊಡುತ್ತಿದ್ದವಳು ಹೆಂಡತಿ ಫ್ಯಾನಿ ಹೆಸ್ಸೆ. ಬೇಸಿಗೆಯಲ್ಲೂ ನಿನ್ನ ಜೆಲ್ಲಿ, ಪುಡ್ಡಿಂಗು ಹೇಗೆ ಕರಗದೆ ನಿಲ್ಲುತ್ತವೆ ಎಂದು ಅವನು ಕೇಳಿದನಂತೆ. ಆಕೆ ಅಗರ್ ಅಗರ್ ಎಂದಳು. ನ್ಯೂಯಾರ್ಕಿನಲ್ಲಿ ಬೆಳೆಯುವಾಗ, ಜಾವಾದಲ್ಲಿದ್ದು ಬಂದ ನೆರೆಮನೆಯವರಿಂದ ಕಲಿತಿದ್ದ ಅಡುಗೆಮನೆಯ ವಿದ್ಯೆ ಅದು.

ಅಗರ್ ಸಮುದ್ರದ ಪಾಚಿಯಿಂದ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಅದಕ್ಕೆ ಚೈನಾ ಗ್ರಾಸ್ ಎಂದು ಹೆಸರು. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಹೆಂಗಸರು ಸಮುದ್ರಕ್ಕೆ ಮುಳುಗಿ ಆ ಪಾಚಿ ಕಿತ್ತು ತರುತ್ತಾರೆ. ಕರಗಲು ಅದಕ್ಕೆ 85 ಡಿಗ್ರಿ ಬೇಕು, ಆರುತ್ತಾ 40ರ ಹತ್ತಿರ ಬಂದಾಗ ಗಟ್ಟಿಯಾಗುತ್ತದೆ, ಮತ್ತೆ ಸುಲಭಕ್ಕೆ ಕರಗುವುದಿಲ್ಲ. ಅದು ಪ್ರೋಟೀನಲ್ಲ, ಹಾಗಾಗಿ ಪಪೈನ್‌ಗೂ ಬಗ್ಗುವುದಿಲ್ಲ. ಹೆಸ್ಸೆ ಈ ಸುದ್ದಿಯನ್ನು ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್‌ಗೆ ತಿಳಿಸಿದ. 1882ರಲ್ಲಿ ಕ್ಷಯರೋಗದ ಸೂಕ್ಷ್ಮಜೀವಿಯನ್ನು ಲೋಕಕ್ಕೆ ತೋರಿಸಿದ ಬರಹದಲ್ಲಿ ಕಾಖ್ ಅಗರ್ ಹೆಸರು ಹೇಳಿದ, ಫ್ಯಾನಿಯ ಹೆಸರು ಹೇಳಲಿಲ್ಲ. ಇವತ್ತಿಗೂ ಲ್ಯಾಬುಗಳಲ್ಲಿ ರೋಗಾಣು ಬೆಳೆಸುವುದು ಅಗರ್ ತಟ್ಟೆಯ ಮೇಲೆಯೇ. ಆಕೆಯ ಪಾಲು ವಿವರವಾಗಿ ಅಚ್ಚಾದದ್ದು 1939ರಲ್ಲಿ, ಆಕೆ ತೀರಿಕೊಂಡ ಮೇಲೆ.

ಆಲ್ಫ್ರೆಡ್ ಬರ್ಡ್‌ನದೂ ಹೆಚ್ಚು ಬೇರೆಯಲ್ಲ. ಅವನು 1878ರಲ್ಲಿ ತೀರಿಕೊಂಡಾಗ ಅವನು ಸದಸ್ಯನಾಗಿದ್ದ ರಸಾಯನಶಾಸ್ತ್ರಜ್ಞರ ಸಂಘದ ಪತ್ರಿಕೆ ಅವನ ಸಂಶೋಧನೆಗಳನ್ನು ಸ್ಮರಿಸಿ ಬರೆಯಿತು. ಕಸ್ಟರ್ಡ್ ಪುಡಿಯ ಮಾತೇ ಅದರಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಕಂಡುಹಿಡಿದದ್ದು ಪಂಡಿತರಿಗೆ ಲೆಕ್ಕಕ್ಕೆ ಬರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮೊಟ್ಟೆಯಿಲ್ಲದ್ದು, ಜೆಲಾಟಿನ್ ಇಲ್ಲದ್ದು ಎಂದರೆ ಏನೋ ಕಡಿಮೆಯಾದದ್ದು ಎಂದು ಬೇಕರಿ ಲೋಕ ತಿಳಿದಿದೆ. ನಡೆದದ್ದು ಬೇರೆ. ಇದ್ದದ್ದರಲ್ಲೇ ತೃಪ್ತರಾದವರಿಗೆ ಹೊಸದನ್ನು ಹುಡುಕುವ ಗರಜು ಬೀಳಲಿಲ್ಲ. ಊಟಕ್ಕೆ ಕೂತವರಲ್ಲಿ ಒಬ್ಬರು "ನನಗೆ ಬೇಡ" ಎಂದು ತಟ್ಟೆ ಸರಿಸಿದಾಗ, ಅವರನ್ನು ಬಿಟ್ಟು ಉಣ್ಣಲು ಮನಸ್ಸಾಗದವರು ಹುಡುಕಿದರು.

ಬಸವ ಜಯಂತಿಯ ದಿನಕ್ಕೆ ನನ್ನ ಟಾರ್ಟ್ ಸಿದ್ಧವಾಯಿತು. ಅಜ್ಜಿ ಹೇಳಿಕೊಟ್ಟಂತೆ ತಿಕ್ಕಿದ ತಟ್ಟೆ, ಬರ್ಡ್‌ನ ಕಸ್ಟರ್ಡು, ಫ್ಯಾನಿಯ ಅಗರ್ ಲೇಪ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ, ಒಂದು ಗ್ರಾಂ ಅಗರ್ ಪುಡಿ ಹಾಕಿ ಎರಡು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಬ್ರಶ್ಶಿನಲ್ಲಿ ಸವರಿದೆ. ತಡಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹಣ್ಣು ನಮ್ಮ ತೋಟದ ಅಡಿಕೆ ಸಾಲಿನ ನಡುವಿನ ಬಾಳೆ, ಕಪ್ಪಾಗದಿರಲು ನಿಂಬೆರಸ ಮುಟ್ಟಿಸಿದ್ದು. ಜೊತೆಗೆ ಮಾವು, ಸಪೋಟ, ಸಂತೆಯಿಂದ ತಂದ ದಾಳಿಂಬೆ ಕಾಳು. ಅವತ್ತು ತಟ್ಟೆ ಸುಡುವಾಗ ಕರೆಂಟು ಎರಡು ಸಲ ಹೋಯಿತು. ಎರಡನೇ ಸಲ ಹೋದಾಗ ಓವನ್ನಿನ ಬಾಗಿಲು ತೆಗೆಯದೆ ಒಳಗಿನ ಬಿಸಿಯಲ್ಲೇ ಬಿಟ್ಟೆ. ತಟ್ಟೆ ಇನ್ನೂ ಗರಿಯಾಯಿತು.

ಪೂಜೆ ಮುಗಿಸಿ ಬಂದ ಅಜ್ಜಿ, "ಏನೇನು ಹಾಕಿದೀಯವ್ವಾ?" ಎಂದು ಮತ್ತೆ ಕೇಳಿದರು. ಮತ್ತೆ ಒಪ್ಪಿಸಿದೆ. ಚೈನಾ ಗ್ರಾಸ್ ಅಂದರೆ ಸಮುದ್ರದ ಪಾಚಿ ಎಂದಾಗ ಒಂದು ಕ್ಷಣ ಯೋಚಿಸಿ, "ಪಾಚಿ ಸೊಪ್ಪಿದ್ದಂಗೆ, ನಡೀತದೆ" ಎಂದರು. ಒಂದು ತುಂಡು ಬಾಯಿಗಿಟ್ಟು ನಿಧಾನ ಅಗಿದು, "ತಳ ನಿಪ್ಪಟ್ಟಿನಂಗೆ ಬಂದೈತೆ. ಸಕ್ಕರೆ ಒಂಚೂರು ಜಾಸ್ತಿ" ಎಂದು ತೀರ್ಪು ಕೊಟ್ಟರು. ಆಮೇಲೆ ಇನ್ನೊಂದು ತುಂಡಿಗೆ ಕೈ ಚಾಚಿದರು.

ಆ ಅಳತೆಯನ್ನು ನೋಟುಪುಸ್ತಕದಲ್ಲಿ ಬರೆಯುವಾಗ ಸಕ್ಕರೆ 75 ಎಂಬುದನ್ನು ಹೊಡೆದು 60 ಮಾಡಿದೆ. ತಟ್ಟೆಯ ಹಿಟ್ಟಿನ ಪಕ್ಕದಲ್ಲಿ, "ಮುಷ್ಟಿ ಪರೀಕ್ಷೆ: ಅಜ್ಜಿ ಕಲಿಸಿದ್ದು" ಎಂದು ತಾರೀಖು ಹಾಕಿ ಬರೆದೆ. ನಿಮ್ಮ ಮನೆಯಲ್ಲೂ ಇಂಥ ಒಂದು ಕೈಚಳಕ ಇದ್ದೇ ಇರುತ್ತದೆ. ಯಾರಿಗೆ ಏನು ಆಗುವುದಿಲ್ಲವೆಂದು ಯಾರು ಏನನ್ನು ಬದಲಿಸಿದರು ಎಂಬುದನ್ನು, ಬದಲಿಸಿದವರ ಹೆಸರಿನ ಜೊತೆಗೆ, ಅವರು ಇರುವಾಗಲೇ ಬರೆದಿಡಿ.